ಹಳೇ ಪೈಪಿನ ರಿಪೇರಿ: ಉಜ್ಜುವ ಮೊದಲು ಮಳೆ ನೋಡಿ

ಪುಷ್ಯ ಮಳೆ ಹಿಡಿದಿದ್ದ ವಾರ. ಶಿವಮೊಗ್ಗದ ಗುಜರಿ ಅಂಗಡಿಯೊಂದರಲ್ಲಿ ಹಿತ್ತಾಳೆ ಚಿಲಕ ಹುಡುಕುತ್ತಿದ್ದೆ. ತುಕ್ಕು ಹಿಡಿದ ಬೋಲ್ಟುಗಳ ಡಬ್ಬಿಯಲ್ಲಿ ಒಂದು ತಂಬಾಕಿನ ಪೈಪು ಕಂಡಿತು. 250 ರೂಪಾಯಿ ಹೇಳಿದ, 150ಕ್ಕೆ ಕೊಟ್ಟ. ನಾನು ಹೊಗೆ ಎಳೆಯುವವನಲ್ಲ. ಆ ಚಟ ಶುರು ಮಾಡಿ ಅಂತ ಯಾರಿಗೂ ಹೇಳುವುದೂ ಇಲ್ಲ. ತೀರ್ಥಹಳ್ಳಿ ಕಡೆಯ ಚಿಕ್ಕಪ್ಪ ಮಾತ್ರ ಡಾಕ್ಟರ ಮಾತಿಗೂ ಬಗ್ಗದೆ ಪೈಪು ಹಿಡಿದವರು. ಅವರಿಗೆ ಸರಿ ಮಾಡಿ ಕೊಡೋಣ ಅಂದುಕೊಂಡೆ.

ತೊಳೆದು ಜೋಡಿಸಲು ನೋಡಿದರೆ ಸ್ಟೆಮ್, ಅಂದರೆ ಬಾಯಿಗಿಡುವ ಕೊಳವೆ, ಪೂರ್ತಿ ಒಳಗೆ ಹೋಗಲಿಲ್ಲ. ಎರಡು ಮಿಲಿಮೀಟರ್ ಸಂದಿ ಉಳಿಯಿತು. ನಾನು ಹಿಂದೆಮುಂದೆ ನೋಡದೆ 220 ನಂಬರಿನ ಪಾಲಿಶ್ ಪೇಪರ್ ತಗೊಂಡು ಸ್ಟೆಮ್ಮಿನ ಒಳಗೆ ಹೋಗುವ ತುದಿಯನ್ನು ಉಜ್ಜಿದೆ. ಹದವಾಗಿ ಕೂತಿತು. ಖುಷಿಯಿಂದ ಕೊಟ್ಟು ಬಂದೆ. ಶಿವರಾತ್ರಿ ಹೊತ್ತಿಗೆ ಚಿಕ್ಕಪ್ಪನ ಫೋನು. "ಎಂತ ಮಾಡಿ ಕೊಟ್ಟಿದ್ದೀಯಾ ಮಾರಾಯಾ? ಬಾಯಲ್ಲಿಟ್ಟರೆ ಬಟ್ಟಲು ಕಳಚಿ ಮಡಿಲಿಗೆ ಬೀಳ್ತದೆ. ಪಂಚೆಗೆ ಮೂರು ತೂತು."

ದೋಷ ಪೈಪಿನದಾಗಿರಲಿಲ್ಲ, ಮಳೆಗಾಲದ್ದು. ನಮ್ಮಲ್ಲಿ ಆಷಾಢ ಬಂದರೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರುವುದಿಲ್ಲ. ಅದಕ್ಕೆಂದು ಆಗಲೇ ಉಜ್ಜುಗೊರಡು ಹಿಡಿದವರ ಮನೆಯಲ್ಲಿ ಬೇಸಗೆ ಬಂದಾಗ ಬಾಗಿಲ ಸಂದಿಯಿಂದ ಬೆಕ್ಕು ಒಳಗೆ ಬರುತ್ತದೆ. ಇದು ಗೊತ್ತಿದ್ದೂ ಅದೇ ತಪ್ಪನ್ನು ಅಂಗೈ ಉದ್ದದ ಮರದ ಮೇಲೆ ಮಾಡಿದ್ದೆ. ಆಮೇಲೆ ಐದಾರು ಪೈಪು ಕೈಗೆ ಬಂದವು. ಮಲೆನಾಡಿನಲ್ಲಿ ಕೂತು ಹಳೇ ಪೈಪು ಸರಿ ಮಾಡುವವರು ಯಾವ ದೋಷ ಕಂಡರೂ ಮೊದಲು ತೇವದ ಮೇಲೆ ಅನುಮಾನ ಪಡಬೇಕು ಅನ್ನುವುದು ನನ್ನ ಅನುಭವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಪೈಪು ರಿಪೇರಿಯ ಸಲಹೆಗಳೆಲ್ಲ ಬಹುಪಾಲು ಒಣ ಊರುಗಳಲ್ಲಿ ಹುಟ್ಟಿದವು. ಇಲ್ಲಿಗೆ ತಂದರೆ ಕೆಲವು ತಿರುಗಿ ಬೀಳುತ್ತವೆ.

ಕೈಯಲ್ಲಿರುವುದು ಏನು?

ಹೆಸರುಗಳನ್ನು ಒಮ್ಮೆ ಹೇಳಿಬಿಡುತ್ತೇನೆ. ತಂಬಾಕು ತುಂಬುವುದು ಬಟ್ಟಲು. ಅದರಿಂದ ಹೊರಟ ಮರದ ಕೊಳವೆ ಕತ್ತು. ಬಾಯಿಗಿಡುವ ಕಪ್ಪು ಭಾಗ ಸ್ಟೆಮ್. ಸ್ಟೆಮ್ಮಿನ ಇನ್ನೊಂದು ತುದಿಯ ಸಪೂರ ಭಾಗವನ್ನು ನಾನು ಮೂತಿ ಅನ್ನುತ್ತೇನೆ. ಅದು ಕತ್ತಿನ ತೂತಿನಲ್ಲಿ ಕೂರುತ್ತದೆ.

ಒಳ್ಳೆಯ ಪೈಪಿನ ಬಟ್ಟಲು ಬ್ರಯರ್ ಅನ್ನುವ ಗಿಡದ ಬೇರಿನ ಗಂಟು. ಮೆಡಿಟರೇನಿಯನ್ ಸಮುದ್ರದ ಸುತ್ತಿನ ಗುಡ್ಡಗಳಲ್ಲಿ ಬೆಳೆಯುತ್ತದೆ. ಗಂಟನ್ನು ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಕೊರೆಯುತ್ತಾರೆ. ಬೆಂಕಿಗೆ ಬೇಗ ಹೊತ್ತಿಕೊಳ್ಳದ ಮರ. ಆದರೆ ಗುಜರಿಯಲ್ಲಿ ಬೀಟೆ ಮರದ ಶೋಕೇಸ್ ಪೈಪುಗಳೂ ಸಿಗುತ್ತವೆ. ವಾರ್ನಿಶ್ ಹೊಳೆಯುತ್ತಿರುತ್ತದೆ, ಬಟ್ಟಲಿನೊಳಗೂ ಬಳಿದಿರುತ್ತಾರೆ. ಅವನ್ನು ಉಜ್ಜಿ ಹೊಳಪು ಮಾಡಿ ಕಪಾಟಿನಲ್ಲಿಡಿ, ಬೆಂಕಿ ಹಾಕಬೇಡಿ. ಬೆಳ್ಳಗೆ, ಹಗುರವಾಗಿ, ಸುಣ್ಣದ ಗಡ್ಡೆಯಂತೆ ಕಂಡರೆ ಅದು ಮೀರ್‌ಶಾಮ್ ಇರಬಹುದು. ಟರ್ಕಿಯ ಎಸ್ಕಿಶೆಹಿರ್ ಕಡೆ ಅಗೆದು ತೆಗೆಯುವ ಮೆತ್ತನೆ ಖನಿಜ. ಅದಕ್ಕೆ ನೀರೂ ಬೇಡ, ಸ್ಪಿರಿಟ್ಟೂ ಬೇಡ. ಮುಂದೆ ಹೇಳುವುದು ಯಾವುದನ್ನೂ ಅದರ ಮೇಲೆ ಮಾಡಬೇಡಿ.

ಸ್ಟೆಮ್ ಎಬೊನೈಟೋ ಅಕ್ರಿಲಿಕ್ಕೋ ಅನ್ನುವುದನ್ನೂ ಈಗಲೇ ತಿಳಿದುಕೊಳ್ಳಿ. ಎಬೊನೈಟ್ ಅಂದರೆ ಗಂಧಕ ಜಾಸ್ತಿ ಬೆರೆಸಿ ಬೇಯಿಸಿದ ಗಟ್ಟಿ ರಬ್ಬರು. ಹಳೇ ಇಂಕ್ ಪೆನ್ನುಗಳ ನಾಲಿಗೆ ಮಾಡುತ್ತಿದ್ದದ್ದೂ ಇದರಲ್ಲೇ. ಒದ್ದೆ ಬಟ್ಟೆಯಿಂದ ಜೋರಾಗಿ ಉಜ್ಜಿ ಮೂಸಿ ನೋಡಿ. ಪಟಾಕಿ ಸುಟ್ಟ ಹಾಗೆ, ಟೈರಿನ ಹಾಗೆ ವಾಸನೆ ಬಂದು ಬಟ್ಟೆ ಕಂದು ಆದರೆ ಎಬೊನೈಟ್. ಎಷ್ಟು ಹಳೆಯದಾದರೂ ಬಣ್ಣ ಬದಲಾಗದೆ ಗಾಜಿನ ಹಾಗಿದ್ದರೆ ಅಕ್ರಿಲಿಕ್.

ಸ್ಟೆಮ್ ಬಿಗಿ, ಅಥವಾ ಸಡಿಲ

ಬೇರೆ ಬೇರೆ ದೋಷದ ಹಾಗೆ ಕಂಡರೂ ಇವೆರಡು ಒಂದೇ ಮರದ ಎರಡು ಮುಖ. ಬಟ್ಟಲಿನ ಹೊರಮೈಗೆ ಮೇಣದ ಪಾಲಿಶ್ ಇರುತ್ತದೆ. ಕತ್ತಿನ ತೂತಿನ ಒಳಗೋಡೆ ಬರೀ ಮರ. ಹಾಗಾಗಿ ತೇವ ಒಳಗಿನಿಂದಲೇ ಹೀರಿಕೊಂಡು ಮರ ತೂತಿನ ಕಡೆಗೆ ಉಬ್ಬುತ್ತದೆ. ಒಣಗಿದಾಗ ಹಿಂದೆ ಸರಿಯುತ್ತದೆ. ಸ್ಪಿರಿಟ್ ಹಾಕಿ ಕತ್ತನ್ನು ತೊಳೆದ ಮೇಲೂ ಹೀಗೇ ಆಗುತ್ತದೆ. ತೊಳೆಯುವ ಮುಂಚೆ ಸರಿಯಾಗಿ ಕೂರುತ್ತಿದ್ದ ಸ್ಟೆಮ್ ತೊಳೆದ ದಿನ ಕೂರುವುದಿಲ್ಲ. ಹೊಸಬರು ಎಡವುವುದು ಇಲ್ಲೇ. ನಾನೂ ಪೈಪು ತೊಳೆದ ಮರುದಿನವೇ ಉಜ್ಜಿದ್ದೆ, ಅದೂ ಪುಷ್ಯ ಮಳೆಯಲ್ಲಿ!

ಕಂಡುಹಿಡಿಯುವುದು ಹೀಗೆ. ಬೂಟಿನ ಡಬ್ಬದಲ್ಲಿ, ಬ್ಯಾಗಿನಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಇಟ್ಟುಕೊಳ್ಳಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ನಾಲ್ಕೈದು ಪೊಟ್ಟಣದ ಜೊತೆ ಬಟ್ಟಲನ್ನು ಇಡಿ. ಸ್ಟೆಮ್ ಬೇರೆ ಇರಲಿ. ಇಡುವ ಮೊದಲು ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಕ ಬರೆದುಕೊಳ್ಳಿ. ದಿನ ಬಿಟ್ಟು ದಿನ ತೂಗಿ. ತೂಕ ಇಳಿಯುತ್ತಿದೆ ಅಂದರೆ ಮರ ಇನ್ನೂ ನೀರು ಬಿಡುತ್ತಿದೆ. ಇಳಿಯುವುದು ನಿಂತ ಮೇಲೆ ಸ್ಟೆಮ್ ಕೂರಿಸಿ ನೋಡಿ. ಆಗಲೂ ಬಿಗಿಯಿದ್ದರೆ ಮಾತ್ರ ಅದು ನಿಜವಾದ ಬಿಗಿ. ಬಹಳ ಸಲ ಕಾರಣ ಮರವಲ್ಲ, ತೂತಿನ ತಳದಲ್ಲಿ ಕಟ್ಟಿದ ಕಿಟ್ಟ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಕಡ್ಡಿ ಕಪ್ಪಾಗಿ ಬರುತ್ತಿರುವಷ್ಟು ದಿನ ಉಜ್ಜುಕಾಗದ ಮುಟ್ಟಬೇಡಿ.

ಡಬ್ಬಿಗೆ ಒಂದು ವಾರ ಕಾಯಲಾರದೆ ಬೇರೆ ದಾರಿ ಹುಡುಕಬೇಡಿ. ಎರಡನೇ ಪೈಪನ್ನು ನಾನು ಬಚ್ಚಲ ಹಂಡೆಯ ಕಟ್ಟೆ ಮೇಲೆ, ಒಲೆಯ ಬಾಯಿಗೆ ಹತ್ತಿರ ಇಟ್ಟಿದ್ದೆ. ಸಂಜೆ ನೋಡಿದರೆ ಕೊಕ್ಕರೆ ಕತ್ತಿನ ಹಾಗೆ ಬಾಗಿದ್ದ ಸ್ಟೆಮ್ ಸೆಟೆದು ನಿಂತಿದೆ. ಎಬೊನೈಟನ್ನು ನೇರ ಕೊಳವೆಯಾಗಿ ಮಾಡಿ ಆಮೇಲೆ ಬಿಸಿ ಮಾಡಿ ಬಗ್ಗಿಸಿರುತ್ತಾರೆ. ಮತ್ತೆ ಬಿಸಿ ತಾಗಿದರೆ ಹಳೇ ಆಕಾರ ನೆನಪಾಗುತ್ತದೆ. ಬಟ್ಟಲಿನ ಅಂಚಿನಲ್ಲೂ ಕೂದಲೆಳೆಯಂಥ ಒಂದು ಬಿರುಕು ಬಂದಿತ್ತು.

ಕತ್ತಿನೊಳಗೆ ಸ್ಟೆಮ್ ಸಿಕ್ಕಿಹಾಕಿಕೊಂಡು ಹೊರಗೇ ಬರುತ್ತಿಲ್ಲವಾದರೆ ಎಳೆಯಬೇಡಿ, ಇಕ್ಕಳವಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಅರ್ಧ ಗಂಟೆ ಇಡಿ. ಎಬೊನೈಟ್ ಮರಕ್ಕಿಂತ ಜಾಸ್ತಿ ಕುಗ್ಗುತ್ತದೆ. ಹೊರಗೆ ತೆಗೆದ ಕೂಡಲೇ ಕತ್ತನ್ನು ಗಟ್ಟಿಯಾಗಿ ಹಿಡಿದು, ಸ್ಟೆಮ್ಮನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುವುತ್ತಾ ಬನ್ನಿ. ಬರಲಿಲ್ಲವಾ? ಇನ್ನೊಮ್ಮೆ ಫ್ರೀಜರು. ಬಟ್ಟಲು ಹಿಡಿದು ತಿರುವಬೇಡಿ, ಕತ್ತು ಮುರಿಯುತ್ತದೆ.

ಇನ್ನು ಸಡಿಲ. ಬೇಸಗೆಯಲ್ಲಿ ಕೊಂಡ, ಬಹಳ ವರ್ಷ ಬಳಸದ ಪೈಪು ಸಡಿಲವಾಗಿದ್ದರೆ ಏನೂ ಮಾಡಬೇಡಿ. ಮೂತಿಗೆ ತೆಳ್ಳಗೆ ಜೇನುಮೇಣ ಸವರಿ ಸಾಕು. ನಮ್ಮಲ್ಲಿ ತುಡುವೆ ಜೇನಿನ ಮೇಣ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಮಳೆಗಾಲದಲ್ಲೂ ಸಡಿಲವಾಗಿಯೇ ಉಳಿದರೆ ಅದು ಮೂತಿ ಸವೆದದ್ದು, ಅಥವಾ ನನ್ನಂಥವರು ಉಜ್ಜಿದ್ದು. ಚಿಕ್ಕಪ್ಪನ ಪೈಪಿಗೆ ನಾನು ಮಾಡಿದ್ದು ಹೀಗೆ. ಮೂತಿಯ ಒಳತೂತಿಗೆ 3.5 ಮಿಲಿಮೀಟರ್ ಡ್ರಿಲ್ ಬಿಟ್ಟಿನ ಹಿಂಬದಿ, ಅಂದರೆ ನುಣುಪಾದ ಕಡೆ, ಸಲೀಸಾಗಿ ಹೋಗುತ್ತಿತ್ತು. 4 ಮಿಲಿಮೀಟರಿನದು ಹೋಗುತ್ತಿರಲಿಲ್ಲ. ಮೂತಿಯನ್ನಷ್ಟೇ ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೆತ್ತಗಾದ ಮೇಲೆ 4 ಮಿಲಿಮೀಟರಿನ ಹಿಂಬದಿಯನ್ನು ತಿರುಗಿಸುತ್ತಾ ಒಳಗೆ ತಳ್ಳಿದೆ. ಹಾಗೇ ತಣ್ಣೀರಿಗೆ ಹಿಡಿದೆ. ಮೂತಿ ಒಂದಿಷ್ಟು ಹಿಗ್ಗಿ ಅಲ್ಲೇ ನಿಂತಿತು. ಅಕ್ರಿಲಿಕ್ಕಿಗೆ ಈ ಆಟ ನಡೆಯುವುದಿಲ್ಲ, ಸೀಳುತ್ತದೆ. ಅದಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ಮೂತಿಗೆ ಒಂದು ಪದರ ಬಳಿದು, ಪೂರ್ತಿ ಒಂದು ದಿನ ಒಣಗಿಸಿ ನೋಡಿ.

ವಾಸನೆ: ಎಲ್ಲಿಂದ ಬರುತ್ತಿದೆ?

"ಪೈಪು ನಾರುತ್ತಿದೆ" ಅಂದರೆ ಏನೂ ಹೇಳಿದಂತಾಗಲಿಲ್ಲ. ಸ್ಟೆಮ್ ಬಿಚ್ಚಿ ಬಟ್ಟಲು, ಕತ್ತು, ಸ್ಟೆಮ್ ಮೂರನ್ನೂ ಬೇರೆ ಬೇರೆ ಮೂಸಿ. ಸ್ಟೆಮ್ ಪಟಾಕಿ ವಾಸನೆ ಬಂದರೆ ಅದು ಎಬೊನೈಟಿನ ಗಂಧಕ, ಮುಂದೆ ನೋಡೋಣ. ಕತ್ತು ಹುಳಿ ಹುಳಿ, ಕಟು ವಾಸನೆ ಬಂದರೆ ಒಳಗೆ ಕಿಟ್ಟ. ಬಟ್ಟಲು ಮಳೆಗಾಲದ ಚಪ್ಪಲಿ ಗೂಡಿನ ವಾಸನೆ ಬಂದರೆ ಬೂಷ್ಟು.

ಕಿಟ್ಟಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, ನಾನು ಬರೀ ಸ್ಪಿರಿಟ್ ಅಂದಲ್ಲೆಲ್ಲ ಇದೇ. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡು ತೊಳೆಯಲು ಬಳಸುವುದು ಇದನ್ನೇ. ಬಡಗಿಗಳು ಪಾಲಿಶಿಗೆ ಬಳಸುವ ಸ್ಪಿರಿಟ್ ಬೇಡ, ಅದರಲ್ಲಿ ವಿಷದ ಮೆಥನಾಲ್ ಬೆರೆತಿರಬಹುದು. ಹೊರಮೈಗೆ ತಾಗಿಸಬೇಡಿ, ಹಳೇ ಪಾಲಿಶ್ ಕಿತ್ತು ಬರುತ್ತದೆ. ಒಲೆಯ ಹತ್ತಿರವೂ ಬೇಡ. ಒಳಗೆ ತೂರಿಸಲು ಸ್ಟೇಷನರಿ ಅಂಗಡಿಯ ಬಣ್ಣಬಣ್ಣದ ಪೈಪ್ ಕ್ಲೀನರ್ ತಂದಿದ್ದೆ. ಮಕ್ಕಳ ಕರಕುಶಲಕ್ಕೆ ಮಾಡಿದ್ದದು. ಕಿಟ್ಟ ಕೆರೆಯುತ್ತದೆ, ಹೀರುವುದಿಲ್ಲ. ಕೊನೆಗೆ ದೇವರ ದೀಪದ ಉದ್ದ ಬತ್ತಿಯನ್ನು ಸಪೂರ ತಂತಿಗೆ ಸುತ್ತಿಕೊಂಡೆ. ಅದೇ ವಾಸಿ. ಅಮ್ಮನಿಗೆ ಹೇಳಲಿಲ್ಲ.

ಬಟ್ಟಲಿನ ಹಳೇ ವಾಸನೆ ತೆಗೆಯಲು ಎಲ್ಲರೂ ಹೇಳುವ ಉಪಾಯ ಒಂದಿದೆ. ಬಟ್ಟಲಿಗೆ ಉಪ್ಪು ತುಂಬಿ, ಸ್ಪಿರಿಟ್ ಹನಿಸಿ ರಾತ್ರಿಯಿಡೀ ಬಿಡುವುದು. ನಾನೂ ಮಾಡಿದೆ. ಬೆಳಿಗ್ಗೆ ಉಪ್ಪು ಕಂದಾಗಿತ್ತು, ವಾಸನೆ ಹೋಗಿತ್ತು. ಹತ್ತು ದಿನದ ಮೇಲೆ ಬಟ್ಟಲಿನ ಗೋಡೆಗೆ ಬಿಳಿ ಪುಡಿ ಬಂತು. ಬೂಷ್ಟು ಅಂದುಕೊಂಡು ಮತ್ತೆ ಸ್ಪಿರಿಟ್ ಹಾಕಿದೆ. ಮತ್ತೆ ಬಿಳಿ. ಮೂರನೇ ಸಲ ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಬೂಷ್ಟಾಗಿದ್ದರೆ ಎಳೆ ಎಳೆ ಇರಬೇಕು, ಬೆರಳು ತಾಗಿಸಿದರೆ ಸವರಿಕೊಳ್ಳಬೇಕು. ಇದು ಹರಳು ಹರಳಾಗಿತ್ತು, ಒಂದು ಹನಿ ನೀರು ಬಿಟ್ಟರೆ ಕರಗಿ ಮಾಯವಾಯಿತು. ಉಪ್ಪು! ಮರದ ಸಂದಿಗೆ ಹೊಕ್ಕಿದ್ದ ಉಪ್ಪು ಮಳೆ ಬಂದಾಗ ನೀರೊಡೆಯುತ್ತದೆ, ಬಿಸಿಲು ಬಂದಾಗ ಹರಳಾಗುತ್ತದೆ. ಗಾಳಿಯ ತೇವಾಂಶ ಸುಮಾರು ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಮರಿಗೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಪದೇಪದೇ ಹರಳಾದರೆ ಬ್ರಯರ್ ಬಿರಿಯಲೂಬಹುದು.

ಅದಕ್ಕೇ ನಮ್ಮ ಕಡೆ ಉಪ್ಪು ಬೇಡ, ಹತ್ತಿ ಸಾಕು. ಹತ್ತಿಯನ್ನು ಬಟ್ಟಲಿಗೆ ಸಡಿಲವಾಗಿ ತುಂಬಿ, ಕತ್ತಿಗೂ ಒಂದು ಬತ್ತಿ ತೂರಿಸಿ, ಅಂಚಿಗಿಂತ ಸ್ವಲ್ಪ ಕೆಳಗಿನವರೆಗೆ ಸ್ಪಿರಿಟ್ ಹನಿಸಿ. ಮರುದಿನ ಹತ್ತಿ ಕಷಾಯದ ಬಣ್ಣಕ್ಕೆ ಬಂದಿರುತ್ತದೆ. ಬಿಳಿಯಾಗಿ ಬರುವವರೆಗೆ ಎರಡು ಮೂರು ಸಲ ಮಾಡಿ. ಆಮೇಲೆ ಸಿಲಿಕಾ ಡಬ್ಬಿ. ನಿಜವಾದ ಬೂಷ್ಟಿಗೂ ಇದೇ ಮದ್ದು. ಆದರೆ ಮೊದಲು ಒಳಗಿನ ಮಸಿಯನ್ನು ಪೂರ್ತಿ ತೆಗೆಯಬೇಕು, ಬೂಷ್ಟಿನ ಬೇರು ಅದರೊಳಗೆ ಕೂತಿರುತ್ತದೆ. ಬೂಷ್ಟು ಇರುವಷ್ಟು ದಿನ ಆ ಪೈಪನ್ನು ಬಾಯಿಗಿಡಬೇಡಿ, ಊದಿಯೂ ನೋಡಬೇಡಿ.

ಬಟ್ಟಲಿನ ಮಸಿ

ಮಸಿ ಪದರ ಇರಬೇಕು, ಅದು ಮರವನ್ನು ಬೆಂಕಿಯಿಂದ ಕಾಯುತ್ತದೆ. ಒಂದು ನಾಣ್ಯದ ದಪ್ಪ ಸಾಕು. ಅದಕ್ಕಿಂತ ದಪ್ಪವಾದರೆ ಬಿಸಿಯಾದಾಗ ಮಸಿ ಒಂದು ರೀತಿ, ಮರ ಇನ್ನೊಂದು ರೀತಿ ಹಿಗ್ಗಿ ಬಟ್ಟಲು ಸೀಳುತ್ತದೆ. ಚಾಕು ಹಾಕಿ ಕೆರೆಯಬೇಡಿ. ಸರಿಯಾದ ಗಾತ್ರದ ಬಿದಿರು ತುಂಡಿಗೆ 100 ನಂಬರಿನ ಪಾಲಿಶ್ ಪೇಪರ್ ಸುತ್ತಿ ನಿಧಾನಕ್ಕೆ ತಿರುಗಿಸಿ.

ಮಸಿ ತೆಗೆದ ಮೇಲೆ ಗೋಡೆಯನ್ನು ಟಾರ್ಚಿನಲ್ಲಿ ನೋಡಿ. ಜೇಡರ ಬಲೆಯಂಥ ಸಣ್ಣ ಗೆರೆಗಳಿದ್ದರೆ ಪರವಾಗಿಲ್ಲ, ಕಾಲ ಕಳೆದಂತೆ ಮಸಿ ಮತ್ತೆ ಮುಚ್ಚುತ್ತದೆ. ಒಂದು ಕಡೆ ಗುಳಿ ಬಿದ್ದಿದ್ದರೆ ಪೊರಕೆಯ ಹಿಡಿಕಡ್ಡಿಯಿಂದ ಒತ್ತಿ. ಗಟ್ಟಿಯಿದ್ದರೆ ಬರೀ ಗುಳಿ. ಇದ್ದಿಲಿನ ಹಾಗೆ ಪುಡಿಯಾಗಿ ಉದುರಿದರೆ, ಅದೇ ಜಾಗದ ಹೊರಮೈ ಕಪ್ಪಾಗಿದ್ದರೆ, ಮರ ಒಳಗಿನಿಂದ ಸುಟ್ಟಿದೆ. ಬೂದಿ ಕಲಸಿ ಮೆತ್ತುವವರಿದ್ದಾರೆ. ನಾನಾದರೆ ಅಂಥದ್ದನ್ನು ಯಾರಿಗೂ ಎಳೆಯಲು ಕೊಡುವುದಿಲ್ಲ.

ಎಳೆದರೆ ಗಾಳಿ ಬರುತ್ತಿಲ್ಲ, ಅಥವಾ ಎಲ್ಲಿಂದಲೋ ಬರುತ್ತಿದೆ

ತೊಳೆದು ಒಣಗಿದ ಪೈಪಿನ ಬಟ್ಟಲನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಸ್ಟೆಮ್ಮಿನಿಂದ ಎಳೆಯಿರಿ. ನಾಲಿಗೆ ತುದಿ ತೂತಿಗೆ ಅಂಟಿಕೊಂಡು ನಿಂತರೆ ಸೋರಿಕೆ ಇಲ್ಲ. ಗಾಳಿ ಬರುತ್ತಿದ್ದರೆ ಒಂದು ಊದುಬತ್ತಿ ಹಚ್ಚಿ ಕತ್ತಿನ ಸುತ್ತ, ಜೋಡಣೆಯ ಸುತ್ತ ಹಿಡಿದು ಮತ್ತೆ ಎಳೆಯಿರಿ. ಹೊಗೆ ಎಲ್ಲಿ ಒಳಗೆ ಬಾಗುತ್ತದೋ ಅಲ್ಲಿ ಬಿರುಕು. ಕಣ್ಣಿಗೆ ಕಾಣದ ಬಿರುಕನ್ನು ಇದು ತೋರಿಸುತ್ತದೆ. ಕತ್ತಿನ ಸಣ್ಣ ಬಿರುಕಿಗೆ ಫೆವಿಕ್ವಿಕ್ ಒಂದು ಹನಿ ಹೊರಗಿನಿಂದ ಇಳಿಸಬಹುದು, ಆದರೆ ಅದು ಮತ್ತೆ ಬಿಡುತ್ತದೆ. ಹಿತ್ತಾಳೆಯದೋ ಬೆಳ್ಳಿಯದೋ ಪಟ್ಟಿ ಸುತ್ತಿದರೆ ನಿಲ್ಲುತ್ತದೆ. ಅದನ್ನು ಅಕ್ಕಸಾಲಿಗರ ಕೈಗೆ ಕೊಡಿ.

ಗೊಳ ಗೊಳ ಶಬ್ದ

ಇದು ಚಿಕ್ಕಪ್ಪನ ಎರಡನೇ ದೂರು. ಅರ್ಧ ಬಟ್ಟಲು ಆಗುವ ಹೊತ್ತಿಗೆ ಗುಡಿಗುಡಿಯ ಹಾಗೆ ಸದ್ದು, ಬಾಯಿಗೆ ಕಹಿ ನೀರು. ನಾನು ಪೈಪನ್ನು ಎರಡು ಸಲ ಬಿಚ್ಚಿ ತೊಳೆದೆ. ದೋಷ ಪೈಪಿನಲ್ಲಿರಲೇ ಇಲ್ಲ. ತಂಬಾಕಿನ ಡಬ್ಬಿಯ ಮುಚ್ಚಳ ತೆರೆದು ಕಿಟಕಿಯಲ್ಲಿಟ್ಟಿದ್ದರು. ಚಿಟಿಕೆ ತಗೊಂಡು ಹಿಂಡಿದರೆ ಉಂಡೆಯಾಗಿ ಅಂಟಿಕೊಳ್ಳುತ್ತಿತ್ತು. ಹಿಂಡಿ ಬಿಟ್ಟರೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು. ಹಾಳೆ ಮೇಲೆ ಹರವಿ ಒಂದಷ್ಟು ಹೊತ್ತು ಬಿಟ್ಟ ಮೇಲೆ ಸದ್ದು ಮುಕ್ಕಾಲು ಪಾಲು ನಿಂತಿತು.

ಉಳಿದ ಕಾಲು ಪಾಲು ನಾನು ಮಾಡಿಟ್ಟದ್ದು. ಕತ್ತಿನ ತೂತಿನ ಆಳವನ್ನೂ ಮೂತಿಯ ಉದ್ದವನ್ನೂ ಹಿಡಿಕಡ್ಡಿಯಲ್ಲಿ ಉಗುರಿನಿಂದ ಗುರುತು ಮಾಡಿ ಅಳೆದು ನೋಡಿ. ಮೂತಿ ತಳ ಮುಟ್ಟದೆ ನಡುವೆ ಸಂದಿ ಉಳಿದರೆ ಹೊಗೆ ಅಲ್ಲಿ ತಣ್ಣಗಾಗಿ ನೀರು ನಿಲ್ಲುತ್ತದೆ. ಪಾಲಿಶ್ ಪೇಪರಿನಲ್ಲಿ ಉಜ್ಜುವಾಗ ಮೂತಿಯ ತುದಿಯೂ ಒಂದೂವರೆ ಮಿಲಿಮೀಟರ್ ಸವೆದಿತ್ತು. ಅದನ್ನು ತುಂಬಿಸಲು ದಾರಿಯಿಲ್ಲ. ನಡುವೆ ಒಂದು ಸಲ ಬತ್ತಿ ತೂರಿಸಿ ತೆಗೆಯಿರಿ ಅಂತ ಹೇಳಿ ಕೈ ತೊಳೆದುಕೊಂಡೆ.

ಸ್ಟೆಮ್ಮಿನ ಹಸಿರು, ಹಲ್ಲಿನ ಗುರುತು

ಎಬೊನೈಟಿನ ಮೇಲಿನ ಹಸಿರು ಮಿಶ್ರಿತ ಕಂದು ಬಣ್ಣ ಕೊಳೆಯಲ್ಲ. ಬೆಳಕು, ಗಾಳಿ, ತೇವ ಸೇರಿ ರಬ್ಬರಿನ ಮೇಲ್ಪದರವನ್ನು ಕೆಡಿಸಿದ್ದು. ಅದಕ್ಕೇ ಸೋಪಿಗೆ ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಬಟ್ಟೆಯ ಬ್ಲೀಚ್‌ನಲ್ಲಿ ನೆನೆಹಾಕಬೇಡಿ, ಮೈ ಸಿಡುಬಿನ ಕಲೆಯ ಹಾಗೆ ತೂತಾಗುತ್ತದೆ. ಕಾರಿಗೆ ಪೇಂಟ್ ಹೊಡೆಯುವವರು ಬಳಸುವ ವಾಟರ್ ಪೇಪರ್ 400ರಿಂದ ಶುರು ಮಾಡಿ 600, 1000, 1500, 2000 ಅಂತ ನೀರು ಹಾಕಿಕೊಂಡು ಮೇಲಕ್ಕೆ ಹೋಗಿ. 400ರಲ್ಲಿ ಅವಸರ ಮಾಡಿದರೆ ಕೊನೆಗೆ ಹೊಳಪಿನ ಅಡಿಯಲ್ಲಿ ಕಂದು ಮೋಡ ಉಳಿಯುತ್ತದೆ. ಆಗ ಮತ್ತೆ ಮೊದಲಿಂದ. ಕೊನೆಗೆ ಬ್ರಾಸೋ, ಸೋಪಿನಲ್ಲಿ ಚೆನ್ನಾಗಿ ತೊಳೆತ, ಮೇಣ. ಸ್ಟೆಮ್ ಕತ್ತಿಗೆ ತಾಗಿ ಕೂರುವ ಅಂಚನ್ನು ಮಾತ್ರ ಉಜ್ಜಬೇಡಿ. ಅದು ಗುಂಡಗಾದರೆ ಜೋಡಣೆಯಲ್ಲಿ ಸಂದಿ ಎದ್ದು ಕಾಣುತ್ತದೆ.

ಹಲ್ಲಿನ ಗುರುತಿಗೆ ಉಜ್ಜುವ ಮೊದಲೇ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ. ನನ್ನ ಸ್ಟೆಮ್ ಸೆಟೆದು ನಿಂತದ್ದು ಯಾವ ಗುಣದಿಂದಲೋ ಅದೇ ಗುಣದಿಂದ ತಗ್ಗು ತಾನಾಗಿ ಮೇಲೇಳುತ್ತದೆ. ಪೂರ್ತಿ ಏಳದಿದ್ದರೆ ಇದ್ದಿಲು ಪುಡಿಗೆ ಫೆವಿಕ್ವಿಕ್ ಕಲಸಿ ತುಂಬಿ, ಒಣಗಿದ ಮೇಲೆ ಸಮ ಮಾಡಿ.

ಹೊರಮೈ

ಇಲ್ಲಿ ಹೇಳುವುದು ಕಡಿಮೆ. ಜಿಡ್ಡಿಗೆ ಅಂಟುವಾಳದ ನೊರೆ, ಹಳೇ ಬ್ರಷ್ಷು, ತಕ್ಷಣ ಒರೆಸುವುದು. ಬಿದ್ದು ತಗ್ಗಾದ ಕಡೆ ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿಪೆಟ್ಟಿಗೆಯ ಮೂಲೆ ತಾಗಿಸಿದರೆ ಹಬೆಗೆ ಮರ ಉಬ್ಬುತ್ತದೆ. ತೇವ ನಮ್ಮ ಪರವಾಗಿ ಕೆಲಸ ಮಾಡುವುದು ಇಲ್ಲೊಂದೇ ಕಡೆ. ಅಂಚಿನ ಸುಟ್ಟ ಭಾಗ ಉಜ್ಜಿದ ಮೇಲೆ ಮರ ಬೆಳ್ಳಗಾಗುತ್ತದೆ. ಅದಕ್ಕೆ ನಾನು ಅಡಿಕೆ ಚೊಗರು ಎರಡು ಸಲ ಬಳಿದೆ. ಬಣ್ಣ ಹೊಂದಿಕೊಂಡಿತು. ಮೇಣ ಮಾತ್ರ ಮಳೆ ಬಿಟ್ಟ ದಿನ ಹಚ್ಚಿ. ತೇವದ ಮರದ ಮೇಲೆ ಹಚ್ಚಿದ್ದು ಮರುದಿನ ಮಂಜು ಕವಿದಂತೆ ಬೆಳ್ಳಗಾಯಿತು, ಒರೆಸಿ ಮತ್ತೆ ಹಚ್ಚಬೇಕಾಯಿತು.

ಚಿಕ್ಕಪ್ಪನ ಪೈಪಿನ ಮೂತಿ ಈಗ ಬೇಸಗೆಯಲ್ಲೂ ನಿಲ್ಲುತ್ತದೆ. ಮಳೆಗಾಲದಲ್ಲಿ ಕೂದಲೆಳೆಯಷ್ಟು ಸಂದಿ ಬಿಟ್ಟುಕೊಂಡು ಕೂರುತ್ತದೆ. "ಉಜ್ಜಿ ಕೊಡ್ತೀಯಾ?" ಅಂತ ಮೊನ್ನೆ ಕೇಳಿದರು. ಸಿಲಿಕಾ ಡಬ್ಬಿ ಕಳಿಸಿದ್ದೇನೆ.